ಹೈಬ್ರಿಡ್ ಬೀಜ, ಅಗ್ಗದ ಕೈ

ಪ್ರತಿವರ್ಷ ಜೂನ್ 12ರಂದು, ಬಾಲಕಾರ್ಮಿಕ ಪದ್ಧತಿ ವಿರೋಧಿ ದಿನದ ಹೆಸರಲ್ಲಿ, ತಾಲ್ಲೂಕು ಕಚೇರಿಯ ಮುಂದಿನಿಂದ ಒಂದು ಜಾಥಾ ಹೊರಡುತ್ತದೆ. ಸಮವಸ್ತ್ರ ತೊಟ್ಟ ಮಕ್ಕಳು ಘೋಷಣೆ ಕೂಗುತ್ತಾರೆ, ಅಧಿಕಾರಿಗಳು ಬಲಗೈ ಮುಂದೆ ಚಾಚಿ ಪ್ರತಿಜ್ಞಾವಿಧಿ ಸ್ವೀಕರಿಸುತ್ತಾರೆ, ಮರುದಿನದ ಜಿಲ್ಲಾ ಪುಟದಲ್ಲಿ ಭಾಷಣದ ಸಾರ ಅಚ್ಚಾಗುತ್ತದೆ. ಆ ಸಾರ ವರ್ಷದಿಂದ ವರ್ಷಕ್ಕೆ ಬದಲಾಗುವುದಿಲ್ಲ: ಬಾಲಕಾರ್ಮಿಕ ಪದ್ಧತಿಗೆ ಬಡತನ ಮತ್ತು ಅನಕ್ಷರತೆಯೇ ಮೂಲ, ಪೋಷಕರು ಎಚ್ಚೆತ್ತುಕೊಳ್ಳಬೇಕು. ಕೊಪ್ಪಳ, ರಾಯಚೂರು, ಗದಗ ಕಡೆ ಈ ದಿನಾಚರಣೆ ಮುಗಿಯುವಾಗ ಬೀಜೋತ್ಪಾದನೆಯ ಹತ್ತಿ ಹೊಲಗಳಲ್ಲಿ ಇನ್ನೂ ಬಿತ್ತನೆಯ ಮಾತು. ಕ್ರಾಸಿಂಗ್, ಅಂದರೆ ಹೂವಿಗೆ ಹೂವು ಮುಟ್ಟಿಸಿ ಪರಾಗ ಕೊಡುವ ಕೆಲಸ, ಶುರುವಾಗುವುದು ಆಗಸ್ಟ್ ಹೊತ್ತಿಗೆ. ಹಾಜರಿ ಪುಸ್ತಕದಲ್ಲಿ ಹುಡುಗಿಯರ ಹೆಸರಿನ ಮುಂದೆ ಗೈರುಗುರುತು ಸಾಲುಗಟ್ಟುವುದೂ ಆಗಲೇ. ಯಾಕೆಂದು ವಿಚಾರಿಸಿದರೆ ತರಗತಿಯಲ್ಲಿ ಉಳಿದ ಮಕ್ಕಳೇ ಉತ್ತರ ಕೊಡುತ್ತಾರೆ, 'ಸೀಡ್ಸ್‌ಗೆ ಹೋಗ್ಯಾರ್ರೀ.'

ಬಡತನವೆಂಬ ಉತ್ತರ ಸುಳ್ಳಲ್ಲ. ಆದರೆ ಅದು ಅರ್ಧ ಉತ್ತರ, ಎಲ್ಲರಿಗೂ ಅನುಕೂಲವಾದ ಅರ್ಧ. ಮಗುವನ್ನು ಕೆಲಸಕ್ಕೆ ಕಳಿಸಿದ ಮನೆ ಯಾಕೆ ಕಳಿಸಿತು ಎಂದು ನಾವು ಕೇಳುತ್ತೇವೆ. ಕರೆದವರು ಯಾಕೆ ಮಗುವನ್ನೇ ಕರೆದರು ಎಂದು ಕೇಳುವುದಿಲ್ಲ. ಬಡ ಮನೆಗಳಲ್ಲಿ ದೊಡ್ಡವರೂ ಇದ್ದಾರೆ, ಕೆಲಸ ಸಿಗದೆ ಬೆಂಗಳೂರಿಗೆ, ಪುಣೆಗೆ, ಗೋವಾಕ್ಕೆ ಗುಳೆ ಹೋಗುತ್ತಾರೆ. ದುಡಿಯುವ ವಯಸ್ಸಿನ ಅಪ್ಪ ಊರು ಬಿಡುವ ಹಂಗಾಮಿನಲ್ಲೇ ಓದುವ ವಯಸ್ಸಿನ ಮಗಳಿಗೆ ಊರಲ್ಲಿ ಕೆಲಸ ಸಿಗುತ್ತದೆ. ಬಡತನ ಒಂದರಿಂದಲೇ ಇದಕ್ಕೆ ವಿವರಣೆ ಸಿಗುವುದಿಲ್ಲ. ಕೆಲಸದ ಸ್ವರೂಪವನ್ನೇ ನೋಡಬೇಕು.

ಹೈಬ್ರಿಡ್ ಹತ್ತಿ ಬೀಜವನ್ನು ಪ್ರಕೃತಿ ತಾನಾಗಿ ಕೊಡುವುದಿಲ್ಲ. 1970ರಲ್ಲಿ ಸೂರತ್‌ನ ಸಂಶೋಧನಾ ಕೇಂದ್ರದಲ್ಲಿ ಡಾ. ಸಿ.ಟಿ. ಪಟೇಲ್ ಜಗತ್ತಿನ ಮೊದಲ ವಾಣಿಜ್ಯ ಹೈಬ್ರಿಡ್ ಹತ್ತಿ ಎಚ್-4 ಅನ್ನು ಬಿಡುಗಡೆ ಮಾಡಿದಾಗಿನಿಂದ ಇವತ್ತಿನವರೆಗೂ ಬಹುಪಾಲು ಬೀಜ ತಯಾರಾಗುವುದು ಕೈಯಿಂದ, ಹೂವಿಗೆ ಹೂವು ಮುಟ್ಟಿಸಿ. ಹೊಲದಲ್ಲಿ ಹೆಣ್ಣು ತಳಿಯ ಸಾಲುಗಳು ಹೆಚ್ಚು, ಗಂಡು ತಳಿಯವು ಕಡಿಮೆ. ನಾಳೆ ಬೆಳಿಗ್ಗೆ ಅರಳುವ ಮೊಗ್ಗನ್ನು ಇವತ್ತು ಮಧ್ಯಾಹ್ನದ ಮೇಲೆ ಹುಡುಕಬೇಕು. ಗಿಡದ ಮುಂದೆ ಬಗ್ಗಿ, ಎಲೆ ಸರಿಸಿ, ಹೆಬ್ಬೆರಳ ಉಗುರನ್ನು ಮೊಗ್ಗಿನ ಬುಡಕ್ಕೆ ಕೊಟ್ಟು, ದಳಗಳ ಜೊತೆಗೆ ಪರಾಗ ಹೊತ್ತ ಗಂಡು ಭಾಗವನ್ನು ಸುತ್ತಲೂ ಸುಲಿದು ತೆಗೆಯಬೇಕು. ಒಳಗಿನ ಹೆಣ್ಣು ತುದಿಗೆ ಗಾಯವಾದರೆ ಮೊಗ್ಗು ಉದುರಿತು. ಗಂಡು ಭಾಗದ ಚೂರು ಉಳಿದರೆ ಹೂವು ತನ್ನಷ್ಟಕ್ಕೆ ತಾನೇ ಕಾಯಿ ಕಟ್ಟಿ ಬೀಜ ಹಾಳಾಯಿತು. ಮರುದಿನ ಗುರುತು ಸಿಗಲೆಂದು ಬಣ್ಣದ ಕಾಗದದ ಚೂರೊಂದನ್ನು ಅಲ್ಲಿ ಸಿಕ್ಕಿಸಿಡುತ್ತಾರೆ. ಬೆಳಿಗ್ಗೆ ಗಂಡು ಹೂ ಕಿತ್ತು ತಂದು, ಬಿಸಿಲೇರುವ ಮುನ್ನ ಒಂದೊಂದಕ್ಕೂ ಪರಾಗ ಸವರಬೇಕು. ಮಧ್ಯಾಹ್ನ ಮತ್ತೆ ಮೊಗ್ಗು ಹುಡುಕುವ ಕೆಲಸ. ಹೀಗೆ ಎರಡು-ಮೂರು ತಿಂಗಳು, ಭಾನುವಾರವೆನ್ನದೆ, ಹಬ್ಬವೆನ್ನದೆ. ಇವತ್ತು ಬಿಟ್ಟ ಮೊಗ್ಗು ನಾಳೆಗೆ ಕಾಯುವುದಿಲ್ಲ.

ಸಾಮಾನ್ಯ ಹತ್ತಿ ಬೆಳೆಗಿಂತ ಹಲವು ಪಟ್ಟು ಆಳು ಬೇಕಾಗುವುದು ಇದಕ್ಕೇ. ಔಷಧ ಹೊಡೆದ ಮರುದಿನವೂ ಅದೇ ಗಿಡಗಳ ನಡುವೆ ಮುಖದ ಮಟ್ಟಕ್ಕೆ ಎಲೆಗಳು ತಾಗುವಂತೆ ನಿಂತಿರಬೇಕು. ತಲೆನೋವು, ಚರ್ಮದ ತುರಿಕೆ, ಕಣ್ಣುರಿ ಈ ಹೊಲಗಳಲ್ಲಿ ಸುದ್ದಿಯೇ ಅಲ್ಲ.

ಇನ್ನು ಈ ಕೆಲಸಕ್ಕೆ ದುಡ್ಡು ಯಾವ ದಾರಿಯಲ್ಲಿ ಬರುತ್ತದೆಂದು ನೋಡಿ. ಮೇಲೆ ಬೀಜ ಕಂಪನಿ. ಅದರ ಕೆಳಗೆ ಆರ್ಗನೈಸರ್, ಅಂದರೆ ಕಂಪನಿಗೂ ರೈತನಿಗೂ ನಡುವಿನವನು. ಅವನು ಮೂಲಬೀಜ ಕೊಡುತ್ತಾನೆ, ಮುಂಗಡ ಕೊಡುತ್ತಾನೆ, ಬೀಜ ಎತ್ತುತ್ತಾನೆ. ಅದರ ಕೆಳಗೆ ಎಕರೆ, ಅರ್ಧ ಎಕರೆಯಲ್ಲಿ ಪ್ಲಾಟ್ ಮಾಡುವ ರೈತ. ಬೀಜಕ್ಕೆ ಕೊಡುವ ದರವನ್ನು ಕಂಪನಿ ಮೊದಲೇ ನಿಗದಿ ಮಾಡಿರುತ್ತದೆ. ಬೆಳೆದ ಬೀಜ ಕೂಡಲೇ ಹಣವಾಗುವುದೂ ಇಲ್ಲ. ಅದರ ಮಾದರಿಯನ್ನು ಬೇರೆ ಕಡೆ ಬಿತ್ತಿ, ಗಿಡ ಬೆಳೆಸಿ, ತಳಿಶುದ್ಧತೆ ನೋಡುತ್ತಾರೆ. ರೈತರ ಬಾಯಲ್ಲಿ ಅದು ಜಿಒಟಿ. ಜಿಒಟಿ ಫೇಲಾದರೆ ಇಡೀ ಲಾಟು ತಿರಸ್ಕೃತ. ಮಳೆಯ ಅಪಾಯ, ಕಾಯಿಕೊರಕದ ಅಪಾಯ, ಉಗುರಿನ ತಪ್ಪಿನ ಅಪಾಯ, ಎಲ್ಲವೂ ಇಳಿದಿಳಿದು ಕೊನೆಯವನ ತಲೆಗೆ ಬರುತ್ತವೆ. ಮುಂಗಡದ ಸಾಲ ಅವನ ಹೆಸರಲ್ಲೇ ಇರುತ್ತದೆ.

ದರ ಅವನ ಕೈಯಲ್ಲಿಲ್ಲ, ಗೊಬ್ಬರ-ಔಷಧದ ಬೆಲೆ ಅವನ ಕೈಯಲ್ಲಿಲ್ಲ. ಹಿಡಿತ ಮಾಡಬಹುದಾದ ಖರ್ಚು ಒಂದೇ, ಕೂಲಿ. ಗಂಡಾಳಿಗಿಂತ ಹೆಣ್ಣಾಳು ಅಗ್ಗ, ಹೆಣ್ಣಾಳಿಗಿಂತ ಹುಡುಗಿ ಅಗ್ಗ. ಹುಡುಗಿ ಕೂಲಿ ಚೌಕಾಸಿ ಮಾಡುವುದಿಲ್ಲ, ನಡುವೆ ಕೂರುವುದಿಲ್ಲ, ಪಕ್ಕದ ಪ್ಲಾಟಿನಲ್ಲಿ ಹತ್ತು ರೂಪಾಯಿ ಹೆಚ್ಚೆಂದು ಬಿಟ್ಟು ಹೋಗುವುದಿಲ್ಲ. ಅವಳ ಮನೆಗೆ ಹಂಗಾಮಿಗೆ ಮುಂಚೆಯೇ ಒಂದಿಷ್ಟು ಕೈಸಾಲ ಕೊಟ್ಟಿದ್ದರಂತೂ ಮೂರು ತಿಂಗಳ ನಿಶ್ಚಿಂತೆ. ಸಂವಿಧಾನದ 23ನೆಯ ವಿಧಿ, 1976ರ ಜೀತಪದ್ಧತಿ ರದ್ದತಿ ಕಾಯ್ದೆ ಯಾವುದನ್ನು ಹೆಸರಿಸಿ ನಿಷೇಧಿಸಿದವೋ ಅದರ ಒಂದು ಎಳೆ ಇಲ್ಲಿ ಹೀಗೆ ಜೀವ ಹಿಡಿದುಕೊಂಡಿದೆ. ಆ ಹುಡುಗಿ ಬಹುತೇಕ ದಲಿತರ, ನಾಯಕರ, ಲಂಬಾಣಿಗರ ಮನೆಯವಳು ಎಂಬುದು ಯಾರಿಗೂ ಹೊಸ ವಿಷಯವಲ್ಲ. ಹೊಸದಲ್ಲವೆಂದೇ ಯಾರೂ ಬರೆಯುವುದಿಲ್ಲ.

'ಹುಡುಗ್ಯಾರ ಕೈ ಸಣ್ಣ ಇರ್ತಾವ, ಹೂವಿಗೆ ಪೆಟ್ಟಾಗಂಗಿಲ್ಲ' ಎಂಬ ಮಾತು ಈ ಹೊಲಗಳಲ್ಲಿ ಕೇಳುತ್ತದೆ. ರೇಷ್ಮೆಯವರೂ ಇದನ್ನೇ ಹೇಳುತ್ತಿದ್ದರು, ಉತ್ತರಪ್ರದೇಶದ ಭದೋಹಿ-ಮಿರ್ಜಾಪುರದ ರತ್ನಗಂಬಳಿ ವ್ಯಾಪಾರಿಗಳೂ ಇದನ್ನೇ ಹೇಳುತ್ತಿದ್ದರು. 1990ರ ದಶಕದಲ್ಲಿ ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆಗಾಗಿ ಅರ್ಥಶಾಸ್ತ್ರಜ್ಞರು ರತ್ನಗಂಬಳಿ ಮಗ್ಗಗಳನ್ನು ಹೊಕ್ಕು ಪರೀಕ್ಷಿಸಿದಾಗ ಅತಿ ನವಿರಾದ ಗಂಟು ಹಾಕಲು ಮಕ್ಕಳೇ ಬೇಕೆಂಬುದಕ್ಕೆ ಆಧಾರ ಸಿಗಲಿಲ್ಲ. ದೊಡ್ಡವರೂ ಅಷ್ಟೇ ಚೆನ್ನಾಗಿ ನೇಯುತ್ತಿದ್ದರು. ರಾಮನಗರ, ಮಾಗಡಿ ಕಡೆಯ ರೇಷ್ಮೆ ಘಟಕಗಳಲ್ಲಿ ಮುಂಗಡಕ್ಕೆ ಕಟ್ಟುಬಿದ್ದು ಕುದಿನೀರಿಗೆ ಕೈಹಾಕುತ್ತಿದ್ದ ಮಕ್ಕಳ ಬಗ್ಗೆ ಹ್ಯೂಮನ್ ರೈಟ್ಸ್ ವಾಚ್ 1996ರಲ್ಲೂ 2003ರಲ್ಲೂ ವರದಿ ಮಾಡಿತು. ಸಣ್ಣ ಬೆರಳು ಎಂಬ ವಾದ ಅಲ್ಲೂ ಇತ್ತು. ಸ್ವಯಂಚಾಲಿತ ಯಂತ್ರಗಳು ಬಂದಲ್ಲಿ ಆ ಬೆರಳುಗಳ ಅಗತ್ಯ ಯಾರಿಗೂ ನೆನಪಾಗಲಿಲ್ಲ. ಸಣ್ಣ ಕೈ ಎಂದರೆ ಸಣ್ಣ ಕೂಲಿ, ಅಷ್ಟೇ.

ಬಡತನದ ವಾದಕ್ಕೆ ನೂರು ವರ್ಷ ದಾಟಿದ ಇತಿಹಾಸವಿದೆ. ಗೋಪಾಲಕೃಷ್ಣ ಗೋಖಲೆ 1911ರಲ್ಲಿ ಕಡ್ಡಾಯ ಪ್ರಾಥಮಿಕ ಶಿಕ್ಷಣದ ಮಸೂದೆ ಮಂಡಿಸಿದಾಗ ವಿರೋಧಿಸಿದವರು ಬ್ರಿಟಿಷ್ ಅಧಿಕಾರಿಗಳು ಮಾತ್ರವಲ್ಲ. ಹುಡುಗರೆಲ್ಲ ಶಾಲೆಗೆ ಹೋದರೆ ಹೊಲಗೆಲಸ ಯಾರು ಮಾಡಬೇಕೆಂಬ ಆತಂಕ ನಮ್ಮ ಜಮೀನುದಾರರಿಗೂ ಇತ್ತು. 1912ರಲ್ಲಿ ಮಸೂದೆ ಬಿದ್ದುಹೋಯಿತು. ಮರುವರ್ಷವೇ, 1913ರಲ್ಲಿ, ಮೈಸೂರು ಸಂಸ್ಥಾನ ಆಯ್ದ ಕಡೆಗಳಲ್ಲಿ ಶಿಕ್ಷಣವನ್ನು ಕಡ್ಡಾಯ ಮಾಡುವ ಕಾನೂನು ತಂದಿತು; ಬರೋಡ ಅದಕ್ಕೂ ಮುಂಚೆ 1906ರಲ್ಲೇ ತಂದಿತ್ತು. ಆ ಸಂಸ್ಥಾನಗಳೇನೂ ಶ್ರೀಮಂತ ಪ್ರಜೆಗಳ ನಾಡಾಗಿರಲಿಲ್ಲ.

ಸ್ವಾತಂತ್ರ್ಯಾನಂತರದ ಕಥೆಯೂ ಅಷ್ಟೇ. ಮೈಸೂರು ಸೀಮೆಯವರೇ ಆದ ಎಂ.ಎಸ್. ಗುರುಪಾದಸ್ವಾಮಿ ಅವರ ಅಧ್ಯಕ್ಷತೆಯಲ್ಲಿ 1979ರಲ್ಲಿ ನೇಮಕವಾದ ಸಮಿತಿ, ಬಡತನ ಇರುವವರೆಗೆ ಬಾಲಕಾರ್ಮಿಕ ಪದ್ಧತಿಯನ್ನು ಪೂರ್ತಿ ತೆಗೆಯುವುದು ಕಷ್ಟ, ಆದ್ದರಿಂದ ಅಪಾಯಕಾರಿ ಕೆಲಸಗಳಲ್ಲಿ ನಿಷೇಧ, ಉಳಿದೆಡೆ ನಿಯಂತ್ರಣ ಎಂಬ ದಾರಿ ತೋರಿಸಿತು. 1986ರ ಕಾಯ್ದೆ ಹುಟ್ಟಿದ್ದು ಆ ದಾರಿಯಲ್ಲೇ. ಅದರ ಹೆಸರಲ್ಲೇ ನಿಷೇಧ ಮತ್ತು ನಿಯಂತ್ರಣ ಎರಡೂ ಇವೆ. 1992ರಲ್ಲಿ ವಿಶ್ವಸಂಸ್ಥೆಯ ಮಕ್ಕಳ ಹಕ್ಕುಗಳ ಒಡಂಬಡಿಕೆಗೆ ಭಾರತ ಸೇರಿದಾಗಲೂ ದುಡಿಮೆಯ ಶೋಷಣೆಯಿಂದ ರಕ್ಷಣೆ ಕೊಡುವ 32ನೆಯ ವಿಧಿಯ ಬಗ್ಗೆ ಮಾತ್ರ ಒಂದು ಘೋಷಣೆ ಜೋಡಿಸಿತು: ಇದನ್ನು ಹಂತಹಂತವಾಗಿ ಜಾರಿ ಮಾಡುತ್ತೇವೆ. ಅಮೆರಿಕದ ರಾಜ್ಯಶಾಸ್ತ್ರಜ್ಞ ಮೈರನ್ ವೀನರ್ 1991ರಲ್ಲಿ ಪ್ರಕಟವಾದ ಪುಸ್ತಕದಲ್ಲಿ ಮುಲಾಜಿಲ್ಲದೆ ಹೇಳಿದ್ದು ಇದರ ಒಳಗುಟ್ಟನ್ನೇ. ಭಾರತದ ಮಕ್ಕಳು ದುಡಿಯುತ್ತಿರುವುದು ದೇಶ ಬಡವಾಗಿದೆ ಎಂಬುದಕ್ಕಲ್ಲ; ಕೈಕೆಲಸ ಮಾಡುವವರ ಮಕ್ಕಳು ಕೈಕೆಲಸಕ್ಕೇ ಸರಿ ಎಂಬ ನಂಬಿಕೆ ಇಲ್ಲಿನ ವಿದ್ಯಾವಂತರಲ್ಲೂ ಅಧಿಕಾರಸ್ಥರಲ್ಲೂ ಬೇರೂರಿದೆ ಎಂಬುದಕ್ಕೆ. ಆ ಪುಸ್ತಕ ಬಂದಾಗ ನಮ್ಮಲ್ಲಿ ಹಲವರಿಗೆ ಸಿಟ್ಟು ಬಂತು. ಸಿಟ್ಟಿಗೆ ಕಾರಣ ಅದು ತಪ್ಪಾಗಿದ್ದುದೇ ಎಂದು ನನಗೆ ಈಗಲೂ ಅನುಮಾನ.

ಈಗಿನ ಕಾನೂನಿಗೆ ಬರೋಣ. 2016ರ ತಿದ್ದುಪಡಿ ಹದಿನಾಲ್ಕು ತುಂಬದ ಮಕ್ಕಳನ್ನು ಯಾವ ಕೆಲಸಕ್ಕೂ ಇಟ್ಟುಕೊಳ್ಳಬಾರದೆಂದಿತು. ಇಟ್ಟುಕೊಂಡವರಿಗೆ ಆರು ತಿಂಗಳಿಂದ ಎರಡು ವರ್ಷದವರೆಗೆ ಜೈಲು, 20,000ದಿಂದ 50,000 ರೂಪಾಯಿವರೆಗೆ ದಂಡ. ಓದಲು ಕಟ್ಟುನಿಟ್ಟಾಗಿದೆ. ಅದರ ಬೆನ್ನಲ್ಲೇ ಒಂದು ವಿನಾಯಿತಿ ಬರುತ್ತದೆ: ಶಾಲೆ ಬಿಟ್ಟ ಮೇಲೆ ಅಥವಾ ರಜೆಯಲ್ಲಿ, ಅಪಾಯಕಾರಿಯಲ್ಲದ ಕುಟುಂಬದ ಕಸುಬಿನಲ್ಲಿ ಮಗು ನೆರವಾಗಬಹುದು. ಕುಟುಂಬ ಎಂದರೆ ಅಪ್ಪ, ಅಮ್ಮ, ಅಣ್ಣತಮ್ಮ, ಅಕ್ಕತಂಗಿ ಅಷ್ಟೇ ಅಲ್ಲ, ಅಪ್ಪನ ಒಡಹುಟ್ಟಿದವರು, ಅಮ್ಮನ ಒಡಹುಟ್ಟಿದವರು ಎಲ್ಲರೂ ಸೇರುತ್ತಾರೆ. ಕಾರ್ಮಿಕ ನಿರೀಕ್ಷಕರ ಜೀಪು ಹೊಲದ ಬದುವಿಗೆ ಬಂದು ನಿಂತಿತೆಂದು ಇಟ್ಟುಕೊಳ್ಳಿ. ಪ್ಲಾಟಿನ ಯಜಮಾನ ನಿಮಗೆ ಏನಾಗಬೇಕು ಎಂದು ಕೇಳಿದರೆ ಹುಡುಗಿ 'ಕಾಕಾ' ಎನ್ನುತ್ತಾಳೆ. ಉತ್ತರ ಕರ್ನಾಟಕದ ಹಳ್ಳಿಯಲ್ಲಿ ಕಾಕಾ ಅಲ್ಲದವನು ಯಾರಿದ್ದಾನೆ?

ಹಾಸ್ಯಕ್ಕೆ ಹೇಳಿದ್ದಲ್ಲ. ಬೀಜೋತ್ಪಾದನೆಯಲ್ಲಿ ಮಕ್ಕಳ ದುಡಿಮೆಯನ್ನು ವರ್ಷಗಟ್ಟಲೆ ಅಧ್ಯಯನ ಮಾಡಿದ ದಾವುಲೂರಿ ವೆಂಕಟೇಶ್ವರಲು ಅವರ ವರದಿಗಳು ಒಂದು ಬದಲಾವಣೆಯನ್ನು ಗುರುತಿಸುತ್ತವೆ. ಮೊದಲು ಆಂಧ್ರದ ದೊಡ್ಡ ದೊಡ್ಡ ಪ್ಲಾಟುಗಳಲ್ಲಿ ಹತ್ತಾರು ಕೂಲಿ ಹುಡುಗಿಯರು ಸಾಲಾಗಿ ನಿಲ್ಲುತ್ತಿದ್ದರು. ಆಮೇಲೆ ಕೃಷಿ ಸಣ್ಣ ಹಿಡುವಳಿಗಳಿಗೆ, ಮನೆಮಂದಿಯೇ ದುಡಿಯುವ ಅರ್ಧ ಎಕರೆಗಳಿಗೆ ಸರಿಯತೊಡಗಿತು. ಕೂಲಿಕಾರ್ಮಿಕಳಾಗಿದ್ದ ಹುಡುಗಿ ಈಗ ಮನೆಮಗಳು. ಉಗುರು ಅದೇ, ಮೊಗ್ಗು ಅದೇ, ಆ ಹೊತ್ತೂ ಅದೇ. ಕಾನೂನಿನ ಕಣ್ಣಿಗೆ ಮಾತ್ರ ಅವಳು ಕಾಣುವುದಿಲ್ಲ. 2011ರ ಜನಗಣತಿ ದೇಶದಲ್ಲಿ ಐದರಿಂದ ಹದಿನಾಲ್ಕರ ವಯಸ್ಸಿನ 1.01 ಕೋಟಿ ಮಕ್ಕಳು ದುಡಿಯುತ್ತಿದ್ದಾರೆಂದು ಲೆಕ್ಕ ಹಾಕಿತು. ಆ ನಂತರದ ಗಣತಿಯ ಅಂಕಿ ಇನ್ನೂ ನಮ್ಮ ಕೈಗೆ ಬಂದಿಲ್ಲ. ಬಂದರೂ, ಮಗಳು ಏನು ಮಾಡುತ್ತಾಳೆಂದು ಕೇಳಿದಾಗ ಯಾವ ಅಪ್ಪನೂ 'ಸಾಲೀಗೆ ಹೋಗ್ತಾಳ್ರೀ' ಎಂದೇ ಹೇಳುತ್ತಾನೆ. ದಾಖಲೆಯಲ್ಲಿ ಅದು ನಿಜವೂ ಹೌದು. ಸತತವಾಗಿ ಹಲವು ದಿನ ಬಾರದಿದ್ದರೆ ಶಾಲೆಯಿಂದ ಹೊರಗುಳಿದ ಮಗು ಎಂದು ಗುರುತಿಸುತ್ತಾರೆ. ವಾರಕ್ಕೆ ಎರಡು ದಿನ ಮುಖ ತೋರಿಸಿ ಹೋಗುವವಳು ಯಾವ ಪಟ್ಟಿಗೂ ಸೇರುವುದಿಲ್ಲ.

ಇಷ್ಟು ಹೇಳುವಾಗ ಒಂದು ಆಕ್ಷೇಪ ಬಂದೇ ಬರುತ್ತದೆ, ಅದೂ ಚೆನ್ನಾಗಿ ಓದಿದವರಿಂದ: 'ನಾವೂ ದನ ಕಾಯ್ದು, ಕಳೆ ಕಿತ್ತು, ಅಪ್ಪನ ಜೊತೆ ಸಂತೆಗೆ ಹೋಗಿಯೇ ಓದಿದೆವು. ಮಗು ಮನೆಗೆಲಸ ಕಲಿಯುವುದೂ ತಪ್ಪೇ?' ತಪ್ಪಲ್ಲ. ರೈತನ ಮಗ ಭಾನುವಾರ ಎಮ್ಮೆ ಮೈತೊಳೆದರೆ ಅದನ್ನು ಬಾಲಕಾರ್ಮಿಕ ಪದ್ಧತಿ ಎಂದು ಕರೆಯುವವನು ಹಳ್ಳಿಯನ್ನೇ ನೋಡಿಲ್ಲ. ವ್ಯತ್ಯಾಸ ಇಲ್ಲಿದೆ. ಎಮ್ಮೆ ಮೈತೊಳೆಯುವ ಕೆಲಸ ಹುಡುಗ ಶಾಲೆಯಿಂದ ಬರುವವರೆಗೆ ಕಾಯುತ್ತದೆ, ಪರೀಕ್ಷೆ ಇದ್ದರೆ ಅಮ್ಮ ಮಾಡುತ್ತಾಳೆ. ಕ್ರಾಸಿಂಗ್ ಕಾಯುವುದಿಲ್ಲ. ಬೆಳಗಿನ ಪಾಳಿ ಶಾಲೆಯ ಮೊದಲ ಅವಧಿಗಳನ್ನು ತಿನ್ನುತ್ತದೆ, ಸಂಜೆಯ ಪಾಳಿ ಕೊನೆಯವನ್ನು. ದಸರೆ ರಜೆಯಂತೂ ಹೊಲಕ್ಕೇ ಮೀಸಲು. ಇನ್ನೊಂದು ಮಾತೂ ಇದೆ. ದುಡಿದು ಓದಿದೆವು ಎನ್ನುವವರು ಓದಿದವರು. ದುಡಿದು ಓದಲಾಗದವರು ಲೇಖನಗಳಿಗೆ ಪ್ರತಿಕ್ರಿಯೆ ಬರೆಯುವುದಿಲ್ಲ.

ಹಾಗೆಂದು ಬಡತನವನ್ನು ತಳ್ಳಿಹಾಕುವ ಧೈರ್ಯ ನನಗಿಲ್ಲ. 2011ರಲ್ಲಿ ದಕ್ಷಿಣ ಕನ್ನಡದ ಸಾಕ್ಷರತೆ ಶೇ 88 ದಾಟಿದ್ದಾಗ ರಾಯಚೂರಿನದು ಶೇ 60ರ ಆಸುಪಾಸಿನಲ್ಲಿ, ಯಾದಗಿರಿಯದು ಶೇ 52ರಲ್ಲಿ ಇತ್ತು. ಆದರೆ ಬಡತನ ಇರುವ ಕಡೆಯೂ ಮಕ್ಕಳನ್ನು ಶಾಲೆ ಎಳೆದುಕೊಂಡದ್ದನ್ನು ಇದೇ ಸೀಮೆ ಕಂಡಿದೆ. 2002ರಲ್ಲಿ ಅಕ್ಷರ ದಾಸೋಹದ ಬಿಸಿಯೂಟ ಮೊದಲು ಶುರುವಾದದ್ದು ಈಶಾನ್ಯ ಕರ್ನಾಟಕದ ಜಿಲ್ಲೆಗಳಲ್ಲೇ. ಅನ್ನ ಸಿಕ್ಕ ಕಡೆ ಮಗು ನಿಂತಿತು. ಆದರೆ ಬಿಸಿಯೂಟ ಹದಿಮೂರರ ಹುಡುಗಿಯನ್ನು ಹಿಡಿದಿಟ್ಟುಕೊಳ್ಳಲಾರದು. ಹೈಸ್ಕೂಲು ನಾಲ್ಕೈದು ಕಿಲೋಮೀಟರ್ ಆಚೆ ಇರುತ್ತದೆ, ಬಸ್ಸಿಲ್ಲ, ದೊಡ್ಡವಳಾದಳು, ಮದುವೆಯ ಮಾತು, ಅದಕ್ಕೊಂದಿಷ್ಟು ಬಂಗಾರ ಕೂಡಿಡಬೇಕು. ಶಿಕ್ಷಣ ಹಕ್ಕು ಕಾಯ್ದೆಯ ಹೊಣೆ ಹದಿನಾಲ್ಕಕ್ಕೆ ಮುಗಿಯುತ್ತದೆ. ಹದಿನಾಲ್ಕರಿಂದ ಹದಿನೆಂಟರವರಿಗೆ 2016ರ ಕಾಯ್ದೆ ನಿಷೇಧಿಸಿದ್ದು ಗಣಿ, ಸ್ಫೋಟಕ ಹಾಗೂ ಬೇಗ ಹೊತ್ತಿ ಉರಿಯುವ ವಸ್ತು, ಫ್ಯಾಕ್ಟರಿ ಕಾಯ್ದೆಯ ಅಪಾಯಕಾರಿ ಪ್ರಕ್ರಿಯೆ ಎಂಬ ಮೂರು ಬಗೆಯನ್ನು ಮಾತ್ರ. ಔಷಧ ಹೊಡೆದ ಹತ್ತಿ ಹೊಲ ಈ ಮೂರರಲ್ಲಿ ಇಲ್ಲ.

ಮಕ್ಕಳ ಹಕ್ಕಿನ ಬಗ್ಗೆ ದಕ್ಷಿಣ ಭಾರತದಲ್ಲಿ ಎರಡು ದೊಡ್ಡ ಯೋಚನೆಗಳು ಬೆಳೆದವು, ಎರಡಕ್ಕೂ ಪರಸ್ಪರ ಜಗಳವಿತ್ತು. ಅಂದಿನ ಆಂಧ್ರದ ರಂಗಾರೆಡ್ಡಿ ಜಿಲ್ಲೆಯಲ್ಲಿ ಶಾಂತಾ ಸಿನ್ಹಾ ಮತ್ತು ಎಂ.ವಿ. ಫೌಂಡೇಶನ್, ಶಾಲೆಯ ಹೊರಗಿರುವ ಪ್ರತಿ ಮಗುವೂ ಬಾಲಕಾರ್ಮಿಕನೇ, ಹಗಲು ಶಾಲೆಗೆ ಬದಲಿ ಯಾವುದೂ ಇಲ್ಲ ಎಂದು ಹಟ ಹಿಡಿದರು. ನಮ್ಮ ಬೆಂಗಳೂರಿನ ಸಿಡಬ್ಲ್ಯುಸಿ (ಕನ್ಸರ್ನ್ಡ್ ಫಾರ್ ವರ್ಕಿಂಗ್ ಚಿಲ್ಡ್ರನ್) ಸಂಸ್ಥೆ, ದುಡಿಯುವ ಮಕ್ಕಳದೇ ಸಂಘಟನೆಯಾದ ಭೀಮ ಸಂಘದ ಮೂಲಕ ಬೇರೆ ಮಾತಾಡಿತು: ನಿಷೇಧ ಹೇರಿದರೆ ಮಕ್ಕಳು ಇನ್ನೂ ಕತ್ತಲಿನ ಕೆಲಸಕ್ಕೆ ಜಾರುತ್ತಾರೆ, ಮೊದಲು ಅವರನ್ನೇ ಕೇಳಿ. ಕುಂದಾಪುರ ಸೀಮೆಯ ಮಕ್ಕಳ ಪಂಚಾಯಿತಿಗಳು ಹುಟ್ಟಿದ್ದು ಆ ಯೋಚನೆಯಿಂದ. ಮಳೆಗಾಲದಲ್ಲಿ ದಾಟಲಾಗದ ಹಳ್ಳಕ್ಕೆ ಕಾಲುಸಂಕ ಬೇಕೆಂಬಂಥ ಬೇಡಿಕೆಗಳು ಮಕ್ಕಳ ಬಾಯಿಂದಲೇ ಬಂದವು. ಇವತ್ತು ರಾಜ್ಯದ ಗ್ರಾಮ ಪಂಚಾಯಿತಿಗಳಲ್ಲಿ ನಡೆಯುವ ಮಕ್ಕಳ ಗ್ರಾಮಸಭೆಗೆ ಈ ಪ್ರಯೋಗದ ನಂಟಿದೆ. ಗುರಿಯಲ್ಲಿ ನಾನು ಶಾಂತಾ ಸಿನ್ಹಾ ಅವರ ಪಕ್ಷ. ಅರ್ಧ ದಿನ ಶಾಲೆ, ಅರ್ಧ ದಿನ ಕೆಲಸ ಎಂಬ ರಾಜಿ ಬಡವರ ಮಕ್ಕಳಿಗೆ ಮಾತ್ರ ಹೊಳೆಯುವ ರಾಜಿ. ಆದರೆ ಕೇಳುವ ವಿಷಯದಲ್ಲಿ ಭೀಮ ಸಂಘದವರು ಸರಿ. ಬೀಜದ ಹೊಲದ ಹುಡುಗಿಯರನ್ನು ಮಕ್ಕಳ ಗ್ರಾಮಸಭೆಗೆ ನಿಜವಾಗಿ ಕೂರಿಸಿ ಕೇಳಿದರೆ, ಯಾರ ಪ್ಲಾಟು, ಯಾವ ಕಂಪನಿ, ಎಷ್ಟು ಮುಂಗಡ, ಟಂಟಂ ಗಾಡಿ ಎಷ್ಟು ಹೊತ್ತಿಗೆ ಬರುತ್ತದೆ, ಎಲ್ಲವೂ ಒಂದೇ ಬೈಠಕಿನಲ್ಲಿ ಹೊರಬರುತ್ತದೆ. ಸಭೆ ನಡೆಯುವುದು ಸಾಮಾನ್ಯವಾಗಿ ನವೆಂಬರಿನಲ್ಲಿ. ಆಗಸ್ಟಿನಲ್ಲಿ ನಡೆಸಲು ಅಡ್ಡಿ ಏನೆಂದು ಪಿಡಿಒಗಳನ್ನು ಕೇಳಬೇಕು.

ಕಂಪನಿಗಳಿಗೆ ಗೊತ್ತೇ ಇಲ್ಲ ಎಂಬ ಮಾತನ್ನು ಮಾತ್ರ ನಂಬಬಾರದು. ಲಾಟು ಯಾವ ಹೊಲದಿಂದ ಬಂತೆಂಬ ಲೆಕ್ಕ ಅವರ ಬಳಿ ಇರುತ್ತದೆ, ಇಲ್ಲದಿದ್ದರೆ ಜಿಒಟಿ ಫೇಲಾದಾಗ ಯಾರ ಹಣ ತಡೆಯಬೇಕೆಂದು ತಿಳಿಯುವುದು ಹೇಗೆ? ಕ್ರಾಸಿಂಗ್ ಹಂಗಾಮಿನಲ್ಲಿ ಅವರ ಸೂಪರ್‌ವೈಸರ್ ಪ್ಲಾಟಿಗೆ ಮತ್ತೆಮತ್ತೆ ಬಂದು ಸುಲಿಯದೆ ಬಿಟ್ಟ ಮೊಗ್ಗುಗಳನ್ನು ಹುಡುಕುತ್ತಾನೆ. ಮೊಗ್ಗು ಕಾಣುವ ಕಣ್ಣಿಗೆ ಮೊಗ್ಗು ಹಿಡಿದ ಕೈ ಕಾಣದೇ? 2000ದ ದಶಕದ ನಡುವೆ, ಹೊರದೇಶದ ಸಂಘಟನೆಗಳ ಒತ್ತಡ ಹೆಚ್ಚಿದಾಗ, ಬೇಯರ್‌ನಂಥ ಬಹುರಾಷ್ಟ್ರೀಯ ಕಂಪನಿಗಳು ಮಕ್ಕಳನ್ನು ಇಟ್ಟುಕೊಳ್ಳದ ರೈತನಿಗೆ ಬೋನಸ್, ಇಟ್ಟುಕೊಂಡವನಿಗೆ ಎಚ್ಚರಿಕೆ ಎಂಬ ಏರ್ಪಾಡು ಮಾಡಿದವು. ಆ ಪ್ಲಾಟುಗಳಲ್ಲಿ ಮಕ್ಕಳು ಕಡಿಮೆಯಾದರು. ಮನಸ್ಸು ಮಾಡಿದರೆ ಆಗುತ್ತದೆ ಎಂಬುದಕ್ಕೆ ಅಷ್ಟು ಸಾಕ್ಷಿ ಸಾಕು. ಆದರೆ ವಿದೇಶಿ ಷೇರುದಾರರ ಕಣ್ಣು ಇಲ್ಲದ ಸ್ಥಳೀಯ ಕಂಪನಿಗಳನ್ನು ಅದಕ್ಕೆ ಬದ್ಧಗೊಳಿಸುವವರು ಯಾರೂ ಇರಲಿಲ್ಲ.

ದೊಡ್ಡವರಿಗೆ ಕನಿಷ್ಠ ಕೂಲಿ ಕೊಟ್ಟೇ ಕ್ರಾಸಿಂಗ್ ಮಾಡಿಸಿದರೆ ಬೀಜ ತುಟ್ಟಿಯಾಗುತ್ತದೆ, ಕೊನೆಗೆ ಹೊರೆ ಬೀಳುವುದು ಹತ್ತಿ ಬೆಳೆಯುವ ಬಡ ರೈತನ ಮೇಲೆ ಎಂಬ ಹೆದರಿಕೆ ನ್ಯಾಯವಾದದ್ದೇ. ಇದಕ್ಕೆ ಉತ್ತರ ಇರುವುದು ದೆಹಲಿಯ ಒಂದು ಆದೇಶದಲ್ಲೇ. 2015ರ ಹತ್ತಿ ಬೀಜ ಬೆಲೆ ನಿಯಂತ್ರಣ ಆದೇಶದಂತೆ ಕೇಂದ್ರ ಸರಕಾರ ಪ್ರತಿವರ್ಷ ಬಿಟಿ ಹತ್ತಿ ಬೀಜದ ಪೊಟ್ಟಣದ ಗರಿಷ್ಠ ಬೆಲೆಯನ್ನು ತಾನೇ ನಿಗದಿ ಮಾಡುತ್ತದೆ. 2016ರಲ್ಲಿ ಅದು 800 ರೂಪಾಯಿ, 2024ರಲ್ಲಿ 864. ಮೊದಲ ವರ್ಷವೇ ಆ 800 ರೂಪಾಯಿಯ ಒಳಗೆ ತಂತ್ರಜ್ಞಾನದ ಒಡೆಯನಿಗೆ ಸಲ್ಲಬೇಕಾದ ರಾಯಧನ 49 ರೂಪಾಯಿ ಎಂದು ಬಿಡಿಸಿ ಬರೆದಿತ್ತು. ಮುಂದೆ ಆ ರಾಯಧನವನ್ನೂ ಸರಕಾರವೇ ಇಳಿಸುತ್ತ ಬಂತು. ಅಂದರೆ ಪೊಟ್ಟಣದ ಬೆಲೆಯನ್ನು ಒಡೆದು ಯಾರ ಪಾಲು ಎಷ್ಟೆಂದು ಹೇಳುವ ಅಧಿಕಾರವೂ ಇದೆ, ಲೆಕ್ಕ ಹಾಕುವ ಸಮಿತಿಯೂ ಇದೆ. ಬೀಜ ಬೆಳೆದವನಿಗೆ ಸಲ್ಲಬೇಕಾದ ಕನಿಷ್ಠ ದರವನ್ನು, ಅದರೊಳಗೆ ರಾಜ್ಯದ ಕನಿಷ್ಠ ಕೂಲಿಯ ಲೆಕ್ಕದಲ್ಲಿ ಕ್ರಾಸಿಂಗ್ ಖರ್ಚನ್ನು, ಅದೇ ಆದೇಶದಲ್ಲಿ ಇನ್ನೊಂದು ಸಾಲಾಗಿ ಸೇರಿಸಬಹುದು. ಜೀನಿನ ಬೆಲೆ ಕಟ್ಟಲು ಬಂದ ಸರಕಾರಕ್ಕೆ ಮೊಗ್ಗು ಸುಲಿಯುವ ಕೂಲಿಯ ಬೆಲೆ ಕಟ್ಟಲು ಬಾರದು ಎಂದರೆ ನಂಬುವುದು ಕಷ್ಟ. ಕರ್ನಾಟಕದ ಕೃಷಿ ಇಲಾಖೆಯೂ ಕಾರ್ಮಿಕ ಇಲಾಖೆಯೂ ಒಟ್ಟಾಗಿ ಆ ಒಂದು ಸಾಲಿಗಾಗಿ ಪತ್ರ ಬರೆಯಲಿ. ಬೀಜೋತ್ಪಾದನೆಗೆ ರಾಜ್ಯದಲ್ಲಿ ಪರವಾನಗಿ ಬೇಕೆನ್ನುವ ಕಂಪನಿ, ಯಾವ ಊರಿನ ಯಾವ ಸರ್ವೆ ನಂಬರಿನಲ್ಲಿ ಪ್ಲಾಟ್ ಇದೆಯೆಂಬ ಪಟ್ಟಿಯನ್ನು ಹಂಗಾಮಿಗೆ ಮುಂಚೆ ಆ ಊರಿನ ಪಂಚಾಯಿತಿಗೂ ಶಾಲೆಗೂ ಕೊಡಬೇಕೆಂಬ ಷರತ್ತು ಹಾಕಲಿ. ಆಗ ಆಗಸ್ಟಿನ ಹಾಜರಿ ಪುಸ್ತಕದ ಪಕ್ಕದಲ್ಲಿ ಇಟ್ಟು ನೋಡಲು ಮುಖ್ಯೋಪಾಧ್ಯಾಯರಿಗೆ ಒಂದು ಕಾಗದ ಸಿಗುತ್ತದೆ.